ಸದಾ ಚಳಿಯೇ? ರಕ್ತ ಪರೀಕ್ಷೆ ಮಾಡಿಸಿ
(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವವರು ಗೊಬ್ಬರ, ಕಳೆಗಳ ಮಾತು ಬಿಟ್ಟು ಚಳಿಯ ಮಾತೆತ್ತಿದರೆ ತಮಗೆ ಆಶ್ಚರ್ಯವಾಗಬಹುದು. ಆದರೆ ನಾನು ಹೇಳಬೇಕೆಂದಿರುವುದು ಕಬ್ಬಿಣದ ವಿಷಯ. ಕಬ್ಬಿಣ ಬೆಳೆಗೂ ಬೇಕು, ಬೆಳೆ ತೆಗೆಯುವವರಿಗೂ ಬೇಕು. ಬೆಳೆಗೆ ಕಡಿಮೆಯಾದರೆ ಎಲೆ ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ಮನೆಯ ಹೆಣ್ಣುಮಗಳಿಗೆ ಕಡಿಮೆಯಾದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪುಷ್ಯ ಮಾಸದ ಬೆಳಗಿನ ಜಾವ ಕಣದಲ್ಲಿ ನಿಂತಾಗ, ಜನವರಿಯಲ್ಲಿ ಬೇಸಿಗೆ ಭತ್ತದ ನಾಟಿಗೆಂದು ಕೆಸರಿಗಿಳಿದಾಗ ಎಲ್ಲರಿಗೂ ಚಳಿಯಾಗುತ್ತದೆ. ಬಿಸಿಲೇರಿ, ಕೆಲಸ ಮಾಡಿ ಮೈ ಕಾದ ಮೇಲೆ ಆ ಚಳಿ ಹೋಗಬೇಕು. ಉಳಿದವರೆಲ್ಲ ಬೆವರುವಾಗಲೂ ಒಬ್ಬಾಕೆಗೆ ಸೆರಗು ಹೊದೆಯಬೇಕೆನಿಸಿದರೆ, ಅಂಗೈ ಅಂಗಾಲು ಸದಾ ತಣ್ಣಗಿದ್ದರೆ, ಅದರ ಜೊತೆಗೆ ಸುಸ್ತು, ಸ್ವಲ್ಪ ನಡೆದರೆ ಏದುಸಿರು, ಎದೆ ಬಡಿತ, ತಲೆಸುತ್ತು ಇದ್ದರೆ, "ಅವಳ ಮೈಗುಣವೇ ಹಾಗೆ" ಎಂದು ಸುಮ್ಮನಿರಬಾರದು. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನುವ ಚಪಲವೂ ಕಬ್ಬಿಣದ ಕೊರತೆಯ ಒಂದು ಗುರುತು. ಇದನ್ನು ಹೇಳಿಕೊಳ್ಳಲು ಹೆಂಗಸರು ನಾಚುತ್ತಾರೆ. ನಾಚಬೇಕಾದ್ದೇನೂ ಇಲ್ಲ.

ಚಳಿಗೂ ಕಬ್ಬಿಣಕ್ಕೂ ಏನು ಸಂಬಂಧ? ನಮ್ಮ ದೇಹದಲ್ಲಿರುವ ಒಟ್ಟು ಕಬ್ಬಿಣ 3 ರಿಂದ 4 ಗ್ರಾಂ ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ರಕ್ತದ ಕೆಂಪು ದ್ರವ್ಯವಾದ ಹಿಮೋಗ್ಲೋಬಿನ್‌ನಲ್ಲಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆ ಮೂಲೆಗೂ ತಲುಪಿಸುವುದು ಇದೇ. ತಿಂದ ಅನ್ನ ಉರಿದು ಶಾಖವಾಗಬೇಕಾದರೆ ಆಮ್ಲಜನಕ ಬೇಕು. ಗಾಳಿಯಾಡದ ಒಲೆಯಲ್ಲಿ ಸೌದೆ ಹೊಗೆಯಾಡುತ್ತದಲ್ಲವೇ, ಹಾಗೆ ಕಾವು ಕಡಿಮೆಯಾಗುತ್ತದೆ. ಇರುವ ಸ್ವಲ್ಪ ಆಮ್ಲಜನಕವನ್ನು ಹೃದಯ, ಮಿದುಳುಗಳಿಗೆ ಉಳಿಸಲು ದೇಹವು ಚರ್ಮಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಕೊನೆಯಂಚಿನ ಗದ್ದೆ ಮೊದಲು ಒಣಗುವಂತೆ ಕೈಕಾಲುಗಳ ಬೆರಳು ಮೊದಲು ತಣ್ಣಗಾಗುತ್ತವೆ. ಇನ್ನೊಂದು ಕಾರಣವೂ ಇದೆ. ದೇಹದ ಶಾಖವನ್ನು ಹತೋಟಿಯಲ್ಲಿಡುವ ಥೈರಾಯ್ಡ್ ಗ್ರಂಥಿಯು ತನ್ನ ರಸವನ್ನು ತಯಾರಿಸಲು ಕಬ್ಬಿಣ ಬೇಕು. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕಬ್ಬಿಣದ ಕೊರತೆಯಿಂದ ರಕ್ತಹೀನರಾದ ಹೆಂಗಸರು ತಂಪಿನಲ್ಲಿದ್ದಾಗ ಇತರರಿಗಿಂತ ಬೇಗ ಮೈಶಾಖ ಕಳೆದುಕೊಂಡದ್ದು ಕಂಡುಬಂದಿತು.

ಇದು ಅಪರೂಪದ ಕಾಯಿಲೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಗಂಡಸರಲ್ಲಿ ಇದು ಶೇಕಡ 19.6. ಈ ಶಿಬಿರದಲ್ಲಿ ಕುಳಿತಿರುವ ತಮ್ಮ ಎಡಬಲಕ್ಕೆ ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ರಾಗಿ ತಿನ್ನುವ ನಾಡಿನಲ್ಲಿ ಹೀಗೇಕೆ? ಬೆಳೆಯ ಖರ್ಚು ವೆಚ್ಚ ಬರೆದಂತೆ ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 4 ರಿಂದ 5 ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ 400 ಗ್ರಾಂ ರಾಗಿ ತಿಂದರೂ 18 ಮಿಲಿಗ್ರಾಂ ಆಯಿತು. ಸಸ್ಯಾಹಾರದ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ 5 ರಿಂದ 10 ಪಾಲು. ಎಂದರೆ ಸುಮಾರು ಒಂದೂವರೆ ಮಿಲಿಗ್ರಾಂ ಒಳಕ್ಕೆ ಬಂದರೆ ಹೆಚ್ಚು. ಮುಟ್ಟಾಗುವ ಹೆಂಗಸಿನ ದೇಹದಿಂದ ದಿನದ ಸರಾಸರಿಯಲ್ಲಿ ಹೊರಕ್ಕೆ ಹೋಗುವುದೂ ಹೆಚ್ಚು ಕಡಿಮೆ ಅಷ್ಟೇ. ಸ್ರಾವ ಹೆಚ್ಚಾದರೆ, ಹೆರಿಗೆಯ ಮೇಲೆ ಹೆರಿಗೆಯಾದರೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಾನುಣ್ಣುವ ಪದ್ಧತಿಯಿದ್ದರೆ, ಖಾತೆ ಸಾಲಕ್ಕೆ ಬೀಳುತ್ತದೆ. ಈ ಕೊನೆಯ ಪದ್ಧತಿಯನ್ನು ಬಿಡಿಸಲು ಯಾವ ಔಷಧವೂ ಬೇಕಿಲ್ಲ. ಗಂಡಸರು ಮನಸ್ಸು ಮಾಡಿದರೆ ಸಾಕು.

ಕಬ್ಬಿಣ ಇದ್ದೂ ದಕ್ಕದಿರುವುದು ರೈತರಿಗೆ ಹೊಸತಲ್ಲ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಶೇಂಗಾ, ಕಬ್ಬು ಬೆಳೆಗಳ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುವುದನ್ನು ತಾವು ನೋಡಿದ್ದೀರಿ. ಅಂಥ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರಗಾಲವಿಲ್ಲ. ಆದರೆ ಬೇರು ಹೀರುವ ರೂಪದಲ್ಲಿಲ್ಲ. ಅದಕ್ಕೆ ನಾವು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಎಂದರೆ ಫೆರಸ್ ಸಲ್ಫೇಟ್, ಕರಗಿಸಿ ಎಲೆಗೆ ಸಿಂಪಡಿಸುತ್ತೇವೆ. ಅದು ಕೆಡದಂತೆ 1 ಗ್ರಾಂ ಸಿಟ್ರಿಕ್ ಆಮ್ಲವನ್ನೋ ಸ್ವಲ್ಪ ನಿಂಬೆರಸವನ್ನೋ ಬೆರೆಸುತ್ತೇವೆ. ಹೊಟ್ಟೆಯಲ್ಲಿ ನಡೆಯುವುದೂ ಇಂಥದ್ದೇ. ರಾಗಿ, ಕಾಳುಗಳಲ್ಲಿರುವ ಫೈಟಿಕ್ ಆಮ್ಲ, ರಾಗಿಯ ಸಿಪ್ಪೆಯ ಒಗರು, ಕಾಫಿ ಟೀಗಳ ಒಗರು, ಇವೆಲ್ಲ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಹುಳಿ ಅದನ್ನು ಬಿಡಿಸುತ್ತದೆ. ಉಪ್ಪುಸಾರು, ಬಸ್ಸಾರುಗಳಿಗೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ರಾಗಿ, ಹುರುಳಿ, ಹೆಸರುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟಿಕ್ ಆಮ್ಲ ತಗ್ಗುತ್ತದೆ. ಮೊಳಕೆ ರಾಗಿಯ ಹಿಟ್ಟು ಮಕ್ಕಳಿಗೆ ಮಾತ್ರವೆಂದು ತಿಳಿಯಬೇಡಿ. ಕಾಫಿ, ಟೀ ಕುಡಿಯುವುದಾದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಆಮೇಲೆ ಕುಡಿಯಿರಿ. ತಿಂಡಿಯ ಜೊತೆಗೇ ಲೋಟ ಹಿಡಿಯುವ ನಮ್ಮ ಅಭ್ಯಾಸ ಮಾತ್ರ ಬಿಡಬೇಕಾದ್ದು. ಹುಳಿ ಸಾರನ್ನು ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದರೆ ಸ್ವಲ್ಪ ಕಬ್ಬಿಣ ಸಾರಿಗಿಳಿಯುತ್ತದೆ. ಮೀನು, ಮಾಂಸ, ಈರಲು ತಿನ್ನುವವರಿಗೆ ಅವುಗಳ ಕಬ್ಬಿಣ ಇನ್ನೂ ಸುಲಭವಾಗಿ ದಕ್ಕುತ್ತದೆ.

ಬೆಲ್ಲ ತಿಂದರೆ, ಬೀಟ್‌ರೂಟ್ ತಿಂದರೆ ರಕ್ತ ಬರುತ್ತದೆಂಬ ಮಾತಿದೆ. 10 ಗ್ರಾಂ ಬೆಲ್ಲದ ಚೂರಿನಲ್ಲಿರುವುದು ಅರ್ಧ ಮಿಲಿಗ್ರಾಂ ಕಬ್ಬಿಣವೂ ಇದ್ದೀತೋ ಇಲ್ಲವೋ. ಬೀಟ್‌ರೂಟ್‌ನ ಕೆಂಪು ಬರಿಯ ಬಣ್ಣ.

ಬಾಗಲಕೋಟೆ, ಕೊಪ್ಪಳ, ವಿಜಯಪುರ ಕಡೆಯ ಸಜ್ಜೆ ಬೆಳೆಗಾರರಿಗೆ ಒಂದು ಮಾತು. ಸಜ್ಜೆಯಲ್ಲಿ ರಾಗಿಗಿಂತ ಹೆಚ್ಚು ಕಬ್ಬಿಣವಿದೆ. ಕಬ್ಬಿಣಾಂಶ ಹೆಚ್ಚಿಸಿದ "ಧನಶಕ್ತಿ" ಎಂಬ ಸಜ್ಜೆ ತಳಿ 2012ರಲ್ಲಿ ಮಹಾರಾಷ್ಟ್ರದಲ್ಲೂ 2014ರಲ್ಲಿ ದೇಶದ ಇತರ ಭಾಗಗಳಿಗೂ ಬಿಡುಗಡೆಯಾಯಿತು. ಮಾರುವುದಕ್ಕೆ ಯಾವ ತಳಿಯನ್ನಾದರೂ ಬೆಳೆಯಿರಿ, ಮನೆಯ ರೊಟ್ಟಿಗೆ ಇಂಥದ್ದನ್ನು ಒಂದೆರಡು ಗುಂಟೆಯಲ್ಲಾದರೂ ಹಾಕಿಕೊಳ್ಳಬಹುದು.

ಇನ್ನು ಕೊಕ್ಕೆಹುಳು. ಬಯಲಿನಲ್ಲಿ ಮಲವಿಸರ್ಜನೆಯಾದ ಒದ್ದೆ ಮಣ್ಣಿನಿಂದ ಇದರ ಮರಿ ಬರಿಗಾಲಿನ ಚರ್ಮ ತೂರಿ ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಜಾತಿಗನುಸಾರ ಒಂದು ಹುಳು ದಿನಕ್ಕೆ 0.03 ರಿಂದ 0.2 ಮಿಲಿಲೀಟರ್ ರಕ್ತ ನಷ್ಟಮಾಡುತ್ತದೆ. ಕಡಿಮೆ ಹೀರುವ ಜಾತಿಯ ನೂರು ಹುಳುಗಳಿದ್ದರೂ ದಿನಕ್ಕೆ 3 ಮಿಲಿಲೀಟರ್ ಆಯಿತು. ಆರೋಗ್ಯವಂತರ ರಕ್ತದ ಒಂದು ಮಿಲಿಲೀಟರಿನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನವಿಡೀ ರಾಗಿಯಿಂದ ಗಳಿಸಿದ್ದೆಲ್ಲ ಹುಳುವಿನ ಪಾಲು! ತೋಟಕ್ಕೆ, ಹಿತ್ತಲಿಗೆ ಹೋಗುವಾಗ ಚಪ್ಪಲಿ ಮೆಟ್ಟಿ, ಕಕ್ಕಸು ಬಳಸಿ. ಹುಳುವಿನ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತದೆ. ಬಸುರಿಯರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು.

ಸಾಲಕ್ಕೆ ಬಿದ್ದ ಖಾತೆಯನ್ನು ಊಟವೊಂದರಿಂದಲೇ ತೀರಿಸಲಾಗುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 100 ಮಿಲಿಲೀಟರ್ ರಕ್ತದಲ್ಲಿ ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ 11, ಗಂಡಸರಿಗೆ 13 ಇರಬೇಕು. ಮಣ್ಣು ಪರೀಕ್ಷೆಯ ಚೀಟಿ ಜೋಪಾನ ಮಾಡುವಂತೆ ಆ ಚೀಟಿಯನ್ನೂ ಇಟ್ಟುಕೊಳ್ಳಿ. ತೀರಾ ಕಡಿಮೆಯಿದ್ದು ಹೆರಿಗೆ ಸಮೀಪಿಸಿದರೆ ಸ್ವಲ್ಪ ರಕ್ತ ಹೋದರೂ ತಾಯಿಯ ಜೀವಕ್ಕೆ ಅಪಾಯ. ಬಸುರಿಯರು ಪರೀಕ್ಷೆಯನ್ನು ಸುಗ್ಗಿ ಮುಗಿಯಲೆಂದು ಮುಂದೂಡಬಾರದು.

ವೈದ್ಯರು ಕೊಡುವ ಕೆಂಪು ಮಾತ್ರೆಯಲ್ಲಿರುವುದೂ ಸಾಮಾನ್ಯವಾಗಿ ಅದೇ ಫೆರಸ್ ಸಲ್ಫೇಟ್, ಜೊತೆಗೆ ಫೋಲಿಕ್ ಆಮ್ಲ. ಹಾಗೆಂದು ಗೊಬ್ಬರದಂಗಡಿಯ ಅನ್ನಭೇದಿಯನ್ನು ಯಾರೂ ಬಾಯಿಗೆ ಹಾಕಕೂಡದು. ಅದು ಶುದ್ಧವಲ್ಲ, ಅಳತೆಯೂ ತಿಳಿಯದು. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನೀರಿನಲ್ಲಿ ನುಂಗಿ. ಹಾಲು, ಟೀ, ಸುಣ್ಣದಂಶದ ಮಾತ್ರೆ ಜೊತೆಯಲ್ಲಿ ಬೇಡ. ಕೆಲವು ವಾರಗಳಲ್ಲಿ ಸುಸ್ತು, ಚಳಿ ತಗ್ಗುತ್ತವೆ. ಅಲ್ಲಿಗೆ ಬಿಟ್ಟುಬಿಡುವವರೇ ಬಹಳ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೈಯ ಕಣಜ ತುಂಬಲು ಇನ್ನೂ ಸುಮಾರು ಮೂರು ತಿಂಗಳು ವೈದ್ಯರು ಹೇಳಿದಂತೆ ಮುಂದುವರಿಸಬೇಕು.

ಎಲ್ಲ ಚಳಿಯೂ ಕಬ್ಬಿಣದ ಕೊರತೆಯಲ್ಲ. ಥೈರಾಯ್ಡ್ ಮಂದವಾದರೆ, ಬಿ-12 ಜೀವಸತ್ವ ಸಾಲದಾದರೆ, ಮೈಯಲ್ಲಿ ಕೊಬ್ಬೇ ಇಲ್ಲದಷ್ಟು ಬಡಕಲಾದರೆ ಕೂಡ ಚಳಿಯಾಗುತ್ತದೆ. ಬೀಡಿ, ಸಿಗರೇಟು ಸೇದಿದಾಗ ಕೈಕಾಲಿನ ರಕ್ತನಾಳ ಬಿಗಿಯುತ್ತವೆ. ಬೀಡಿ ಸೇದುವವರ ಬೆರಳು ತಣ್ಣಗಾಗಿ, ನಡೆದರೆ ಮೀನಖಂಡ ನೋಯುತ್ತಿದ್ದರೆ, ಬೆರಳ ತುದಿ ಕಪ್ಪಾಗತೊಡಗಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆಯಾಗಿದೆಯೆಂದರೆ ಮೂಲವ್ಯಾಧಿಯಿಂದಲೋ ಹೊಟ್ಟೆ ಕರುಳಿನ ಹುಣ್ಣಿನಿಂದಲೋ ರಕ್ತ ಸೋರುತ್ತಿರಬಹುದು. ಬರಿ ಮಾತ್ರೆ ನುಂಗಿ ಸುಮ್ಮನಾಗದೆ ಕಾರಣ ಹುಡುಕಿಸಿ.

ಮಾತ್ರೆಯ ಡಬ್ಬಿಯನ್ನು ಮಕ್ಕಳ ಕೈಗೆಟುಕದಂತೆ ಎತ್ತರದ ಗೂಡಿನಲ್ಲಿಡಿ. ಮಿಠಾಯಿಯಂತೆ ಕಾಣುವ ಈ ಮಾತ್ರೆಗಳನ್ನು ಎಳೆಯ ಮಗು ಕೈತುಂಬ ನುಂಗಿದರೆ ಜೀವಕ್ಕೇ ಅಪಾಯ. ಹಾಗಾದಲ್ಲಿ ಮನೆಮದ್ದು ಮಾಡುತ್ತ ಕೂರದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ.