ಬಟ್ಟೆ ಎಂಬ ಮಾತು

ಕನ್ನಡ ಎಂ.ಎ. ಓದುವ ಹುಡುಗಿಯೊಬ್ಬಳು ವಚನವೊಂದರಲ್ಲಿ ‘ಬಟ್ಟೆ’ ಎಂಬ ಮಾತು ಕಂಡು ತಡವರಿಸಿದಳು. ಉಡುವ ಬಟ್ಟೆ ಅಲ್ಲಿಗೆ ಹೊಂದುತ್ತಿರಲಿಲ್ಲ. ಮೊಬೈಲಿನಲ್ಲಿ ‘ವಚನ ಸಂಚಯ’ ಜಾಲತಾಣ ತೆರೆದು ಆ ಪದವನ್ನೇ ಹುಡುಕಿದಳು. 20,000ಕ್ಕೂ ಹೆಚ್ಚು ವಚನಗಳ ರಾಶಿಯಿಂದ ಆ ಪದವಿರುವ ವಚನಗಳು ಎದುರಿಗೆ ಬಂದವು. ಒಂದೊಂದನ್ನೇ ಓದುತ್ತ ಹೋದಂತೆ ಅರ್ಥ ತಾನೇ ಬಿಚ್ಚಿಕೊಂಡಿತು: ದಾರಿ! ಹಿಂದೆಲ್ಲ ಇದಕ್ಕೆ ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂರಬೇಕಿತ್ತು.

ಪದದ ಅರ್ಥ ಹುಡುಕುವವರಿಗೆ ಇನ್ನೊಂದು ನೆರವೂ ಇದೆ: ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟೂ ಈಗ ಅಂತರ್ಜಾಲದಲ್ಲಿ ಉಚಿತ. ಆ ಶ್ರಮ ನೆನೆದರೆ ಮನಸ್ಸು ತುಂಬುತ್ತದೆ. ಇಷ್ಟೆಲ್ಲ ಕೈಗೆಟುಕುವಾಗ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಸಿದ್ಧ ನೋಟ್ಸ್ ಇಳಿಸಿಕೊಳ್ಳುವ ಮುನ್ನ ಮೂಲ ಪಠ್ಯವನ್ನೇ ತೆರೆಯಿರಿ. ಹಾಗೆ ಮೂಲವನ್ನೇ ತೆರೆದ ಆ ಹುಡುಗಿ ಅಂದೇ ರಾತ್ರಿ ತನ್ನ ಪ್ರಬಂಧದ ಮೊದಲ ಪುಟ ಬರೆದಳು.