ನಡಾವಳಿ ಪುಸ್ತಕ ಮತ್ತು ನಮ್ಮ ಕಾಡುಮೇಡು

(ಕೌದಳ್ಳಿಯಲ್ಲಿ ಸೇರಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದರು. ಹುಲಿ, ಆನೆ, ಹಳ್ಳ, ಬೆಟ್ಟಗಳ ವಿಚಾರವನ್ನು ನೀವು ನಿರೀಕ್ಷಿಸಿರಬಹುದು. ನಾನು ಈ ದಿನ ಒಂದು ಪುಸ್ತಕದ ವಿಚಾರವನ್ನು ಎತ್ತಿಕೊಂಡಿದ್ದೇನೆ. ಆ ಪುಸ್ತಕ ಯಾವ ಗ್ರಂಥಾಲಯದಲ್ಲಿಯೂ ದೊರೆಯುವುದಿಲ್ಲ. ಗ್ರಾಮ ಪಂಚಾಯಿತಿ ಕಚೇರಿಯ ಬೀರುವಿನೊಳಗೆ ಇರುತ್ತದೆ. ಅದನ್ನು ನಡಾವಳಿ ಪುಸ್ತಕವೆನ್ನುತ್ತಾರೆ. ನಮ್ಮ ಕೆರೆ, ಕಾಡು, ದಾರಿ, ದನಕರುಗಳ ಭವಿಷ್ಯದ ಬಹುಭಾಗ ಆ ಪುಸ್ತಕದಲ್ಲಿ ಏನು ಬರೆಯಲ್ಪಡುತ್ತದೆ, ಏನು ಬರೆಯಲ್ಪಡುವುದಿಲ್ಲ ಎಂಬುದನ್ನು ಅವಲಂಬಿಸಿದೆ. ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಉಳಿದುದೆಲ್ಲ ಇದರ ವಿವರಣೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕೊಳ್ಳೇಗಾಲದ ಸೀಮೆ ಒಂದು ಕಾಲಕ್ಕೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. 2017ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕೆಂದು ಘೋಷಣೆಯಾಯಿತು. ನಮ್ಮ ಅಜ್ಜಂದಿರ ಅರ್ಜಿ ಕೊಯಮತ್ತೂರಿಗೆ ಹೋಗಬೇಕಾಗಿತ್ತು. ಇಂದು ಹನೂರಿನಲ್ಲಿ ಇಳಿದರೆ ತಾಲ್ಲೂಕು ಕಚೇರಿಯೇ ಇದೆ. ಅರವತ್ತು ವರ್ಷಗಳಲ್ಲಿ ಕಚೇರಿ ನಮ್ಮ ಹತ್ತಿರ ಬಂದಿದೆ. ನಮ್ಮ ಮಾತು ಕಚೇರಿಯ ಹತ್ತಿರ ಹೋಗಿದೆಯೆ?

ಅದಕ್ಕೂ ಕೆಲವರು ದಾರಿ ಮಾಡಿದರು. 1983ರಲ್ಲಿ ರೂಪಿತವಾದ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಕರ್ನಾಟಕದ ಹಳ್ಳಿಗಳಲ್ಲಿ ಹೊಸ ಉತ್ಸಾಹ ಮೂಡಿತ್ತು. ಕೊಳವೆಬಾವಿಗಳ ಮೂಲಕ ಹಳ್ಳಿಗಳಿಗೆ ನೀರು ತಂದು ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಆ ಕಾಯ್ದೆಯ ಹಿಂದಿನ ಶಕ್ತಿಯಾಗಿದ್ದರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿ ಬಂದಿತು. 1993ರ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಬಂದಿತು. 2010ರಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಕಾಯ್ದೆಯ ಮಟ್ಟಿಗೆ ನಮಗೆ ಕೊರತೆಯಿಲ್ಲ.

ಇನ್ನು ನಿತ್ಯದ ಕೆಲಸವನ್ನು ನೋಡಿರಿ. ಬೆಳಗಾದರೆ ನೀರುಗಂಟಿ ಮೋಟಾರು ಹಾಕಬೇಕು. ಬೀದಿದೀಪ, ಚರಂಡಿ, ಕಂದಾಯ ವಸೂಲಿ, ಮನೆಯ ಖಾತೆ, ನಮೂನೆ 9, ನಮೂನೆ 11, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಸುಟ್ಟ ಮೋಟಾರಿನ ದುರಸ್ತಿ, ಇವೆಲ್ಲವೂ ಪಂಚಾಯಿತಿಯ ಮೇಲೆ ಬೀಳುತ್ತವೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಈ ಕೌದಳ್ಳಿಯ ಮೇಲೆಯೇ ಸಾಗುತ್ತಾರೆ. ಅವರಿಗೆ ಅನ್ನ, ಮಜ್ಜಿಗೆ ಕೊಡುವ ಧರ್ಮ ಇಲ್ಲಿಯ ಜನರಿಗೆ ತಿಳಿದಿದೆ. ಜಾತ್ರೆ ಮುಗಿದ ಮರುದಿನ ಕಾಡಿನ ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ನೀರಿನ ಬಾಟಲಿಗಳನ್ನು ಯಾರು ಎತ್ತಬೇಕು? ಪಂಚಾಯಿತಿಯೆ, ಅರಣ್ಯ ಇಲಾಖೆಯೆ, ದೇವಾಲಯದ ಪ್ರಾಧಿಕಾರವೆ? ಜಾತ್ರೆಗೆ ಒಂದು ತಿಂಗಳು ಮೊದಲು ಈ ಪ್ರಶ್ನೆ ಪಂಚಾಯಿತಿ ಸಭೆಯಲ್ಲಿ ತೀರ್ಮಾನವಾಗಿ, ಯಾವ ಮೈಲಿಯಿಂದ ಯಾವ ಮೈಲಿಯವರೆಗೆ ಯಾರ ಹೊಣೆ ಎಂದು ಬರಹದಲ್ಲಿ ಇಳಿದರೆ ಕಸ ಎದ್ದೀತು. ಇಲ್ಲವಾದರೆ ಅದು ಜಿಂಕೆಯ ಹೊಟ್ಟೆಗೂ ದನದ ಹೊಟ್ಟೆಗೂ ಹೋಗುತ್ತದೆ.

ಇಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಬೆಟ್ಟದ ಅಂಚಿನ ಒಂದು ಊರಿನ ಗ್ರಾಮಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ವಯಸ್ಸಾದ ತಾಯಿಯೊಬ್ಬರು ಎದ್ದು, “ರಸ್ತೆ ಮಾಡೋರು ಸುರಿದ ಮಣ್ಣಿನಿಂದ ಕೆರೆಗೆ ನೀರು ಬರೋ ಕಾಲುವೆ ಮುಚ್ಚಿಹೋಗದೆ ಕನಪ್ಪ, ದನ ಬಾಯಾರಿ ವಾಪಸ್ ಬತ್ತವೆ” ಎಂದರು. ಸಭೆಯಲ್ಲಿ ಎಲ್ಲರೂ ಹೌದೆಂದರು. ವೇದಿಕೆಯಲ್ಲಿದ್ದವರು “ಮಾಡಿಸೋಣ ಕಣವ್ವ” ಎಂದರು. ಚಪ್ಪಾಳೆಯಾಯಿತು. ಮರುವರ್ಷ ಕೆರೆ ಹಾಗೆಯೇ ಒಣಗಿತ್ತು. ನಾವು ನಾಲ್ಕಾರು ಜನ ಹೋಗಿ ಹಿಂದಿನ ಸಭೆಯ ನಡಾವಳಿಯನ್ನು ಓದಲು ಕೇಳಿದೆವು. ಅದರಲ್ಲಿ ಇದ್ದುದು ಒಂದೇ ವಾಕ್ಯ: ‘ಕುಡಿಯುವ ನೀರು ಹಾಗೂ ಇತರೆ ವಿಷಯಗಳ ಬಗ್ಗೆ ಚರ್ಚಿಸಲಾಯಿತು.’ ಕೆರೆಯ ಹೆಸರಿಲ್ಲ, ಕಾಲುವೆಯ ಮಾತಿಲ್ಲ, ಯಾರು ಮಾಡಬೇಕೆಂಬುದಿಲ್ಲ, ಯಾವಾಗ ಎಂಬುದಿಲ್ಲ.

ಬರೆದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹತ್ತಾರು ಹಳ್ಳಿಗಳ ಕೆಲಸ ಒಬ್ಬರ ತಲೆಯ ಮೇಲಿತ್ತು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಆದರೆ ಆ ತಾಯಿಯ ಮಾತು ಸತ್ತಿದ್ದು ಆ ಒಂದು ವಾಕ್ಯದಲ್ಲಿ. ಮುಂದಿನ ಸಭೆಗೆ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ನಾಲ್ಕು ಸಾಲಿನ ಕಾಗದವನ್ನು ಬರೆದು ತಂದಳು. ಕೆರೆಯ ಹೆಸರು, ಸರ್ವೆ ನಂಬರು, ಮುಚ್ಚಿದ ಕಾಲುವೆಯ ಉದ್ದ, ಮಳೆಗಾಲಕ್ಕೆ ಮೊದಲು ತೆರವು ಮಾಡಬೇಕೆಂಬ ಕೋರಿಕೆ, ಇಷ್ಟೇ ಅದರಲ್ಲಿತ್ತು. ಅದನ್ನು ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಹಾಗೆಯೇ ಬರೆಸಿ, ಬರೆದುದನ್ನು ಮತ್ತೆ ಓದಿಸಿ, ಆಮೇಲೆ ಜನ ರುಜು ಹಾಕಿದರು. ಆ ಬೇಸಿಗೆಯಲ್ಲಿ ಅರ್ಧ ಕಾಲುವೆಯ ಮಣ್ಣು ತೆಗೆದರು. ಉಳಿದರ್ಧಕ್ಕೆ ಇನ್ನೊಂದು ಸಭೆ ಬೇಕಾಯಿತು.

‘ಚರ್ಚಿಸಲಾಯಿತು’ ಎಂಬುದಕ್ಕೂ ‘ತೀರ್ಮಾನಿಸಲಾಯಿತು’ ಎಂಬುದಕ್ಕೂ ಇರುವ ಅಂತರವನ್ನು ಅಂದು ನಾನು ಅರಿತೆ. ನಮ್ಮ ಸೀಮೆಯ ಕಂಸಾಳೆಯವರು ಇರುಳೆಲ್ಲ ಮಾದಪ್ಪನ ಕಥೆಯನ್ನು ನೆನಪಿನಿಂದಲೇ ಹಾಡುತ್ತಾರೆ. ನಮ್ಮದು ನೆನಪಿನ ನಾಡು. ಕಚೇರಿಗೆ ನೆನಪೆಂಬುದಿಲ್ಲ. ಅದಕ್ಕೆ ಇರುವುದು ಕಡತ ಮಾತ್ರ. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಅಧ್ಯಕ್ಷರು ಬದಲಾಗುತ್ತಾರೆ, ಕಡತ ಉಳಿಯುತ್ತದೆ.

ಈ ಮಾತು ಕಾಡಿಗೆ ಹೇಗೆ ಸಂಬಂಧಿಸುತ್ತದೆ ಎಂದು ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ತೆಗೆದುಕೊಳ್ಳಿರಿ. ಅದರಲ್ಲಿ ಹಕ್ಕಿನ ಅರ್ಜಿಯನ್ನು ಸ್ವೀಕರಿಸಿ, ಪರಿಶೀಲಿಸಿ, ಮೊದಲ ನಿರ್ಣಯ ಮಾಡುವ ಅಧಿಕಾರ ಗ್ರಾಮಸಭೆಗಿದೆ. ಇಲ್ಲಿ ಗ್ರಾಮಸಭೆಯೆಂದರೆ ಇಡೀ ಪಂಚಾಯಿತಿಗೆ ಸೇರಿದ ದೊಡ್ಡ ಸಭೆ ಎಂದು ತಿಳಿಯಬಾರದು. ಪೋಡಿನ ಮಟ್ಟದಲ್ಲಿ, ಹಾಡಿಯ ಮಟ್ಟದಲ್ಲಿ ಸೇರುವ ಸಭೆಯೇ ಈ ಕಾಯ್ದೆಯ ಗ್ರಾಮಸಭೆ. ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಮಾಡಿ ತೋರಿಸಿದರು. 2011ರಲ್ಲಿ ಅಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನೊಳಗೆ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಹಕ್ಕನ್ನು ಅವರು ಕಾಗದದ ಮೇಲೆ ಪಡೆದರು. ಅದರ ಹಿಂದೆ ವರ್ಷಗಟ್ಟಲೆ ಪೋಡುಗಳಲ್ಲಿ ಕುಳಿತು ನಕ್ಷೆ ಬಿಡಿಸಿದ, ದೇವರ ತಾಣಗಳನ್ನು ಗುರುತಿಸಿದ, ಸಭೆಯ ನಡಾವಳಿ ಬರೆದ ಶ್ರಮವಿತ್ತು.

ಒಡಿಶಾದ ನಿಯಮಗಿರಿಯಲ್ಲಿಯೂ ಇದೇ ನಡೆಯಿತು. ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲಿನಲ್ಲಿ ಹೇಳಿತು. ಅದೇ ವರ್ಷ 12 ಊರುಗಳ ಗ್ರಾಮಸಭೆಗಳು ಸೇರಿ, ಹನ್ನೆರಡೂ ಬೇಡವೆಂದವು. ಬೆಟ್ಟ ಉಳಿಯಿತು.

ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಈ ಕಾಯ್ದೆಯಲ್ಲಿ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ದಾಖಲೆ ಎಲ್ಲಿಂದ ತರುವುದೆಂದು ಕೈಚೆಲ್ಲುವವರಿದ್ದಾರೆ. ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಆದರೆ ಆ ಹೇಳಿಕೆ ಬರಹದಲ್ಲಿರಬೇಕು, ಅದರೊಡನೆ ಇನ್ನೊಂದು ಸಾಕ್ಷ್ಯವೂ ಇರಬೇಕು. ವಿದ್ಯಾರ್ಥಿಗಳೆ, ನಿಮ್ಮ ಮನೆಯ ಅಜ್ಜಿ ಇನ್ನೂ ಬದುಕಿರುವಾಗಲೇ ಆ ಹೇಳಿಕೆಯನ್ನು ಬರೆದುಕೊಳ್ಳಿರಿ.

ಇನ್ನು ದಾರಿಯ ವಿಚಾರ. ಮಲೆ ಮಹದೇಶ್ವರ ವನ್ಯಜೀವಿಧಾಮವು 2013ರಲ್ಲಿ ಘೋಷಣೆಯಾಯಿತು. ಅದರ ವಿಸ್ತಾರ ಸುಮಾರು 906 ಚದರ ಕಿಲೋಮೀಟರು. ಅದರ ನಡುವೆ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂತಹ ಊರುಗಳಿವೆ. ಇಂತಹ ಊರುಗಳಿಂದ ರೋಗಿಗಳನ್ನೂ ಬಸುರಿಯರನ್ನೂ ಡೋಲಿಯಲ್ಲಿ ಹೊತ್ತು ತಂದ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ, ಮೂಲಸೌಕರ್ಯವಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದ್ದ ಇಂಡಿಗನತ್ತದಲ್ಲಿ ಘರ್ಷಣೆಯಾಗಿ ಮತಯಂತ್ರ ಒಡೆಯಿತು. 29ರಂದು ಮರುಮತದಾನ ನಡೆಯಿತು. ಯಂತ್ರ ಒಡೆದುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮಾತು ಎಲ್ಲಿಯೂ ದಾಖಲಾಗದೆ ಹೋದಾಗ ಜನ ಎಲ್ಲಿಗೆ ಮುಟ್ಟುತ್ತಾರೆ ಎಂಬುದನ್ನು ಆಳುವವರೂ ನಾವೂ ಯೋಚಿಸಬೇಕು.

ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಪ್ರಕರಣವು ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ತಂತಿ, ರಸ್ತೆ ಮೊದಲಾದ 13 ಬಗೆಯ ಸೌಕರ್ಯಗಳಿಗೆ ಅರಣ್ಯಭೂಮಿ ಒದಗಿಸಲು ಅವಕಾಶ ನೀಡುತ್ತದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75 ಮರಗಳನ್ನು ಮೀರದ ಕಡಿತ, ಇವು ಮಿತಿಗಳು. ಇವುಗಳೊಡನೆ ಒಂದು ಷರತ್ತಿದೆ: ಗ್ರಾಮಸಭೆಯ ಶಿಫಾರಸು. ವನ್ಯಜೀವಿಧಾಮದೊಳಗೆ ಬೇರೆ ಕಾಯ್ದೆಯ ಕಟ್ಟುಪಾಡುಗಳೂ ಇವೆ; ಆದುದರಿಂದ ಶಿಫಾರಸು ಬರೆದ ಮಾತ್ರಕ್ಕೆ ದಾರಿ ಬಂದುಬಿಡದು. ಆದರೆ ಶಿಫಾರಸೇ ಇಲ್ಲದಿದ್ದರೆ ಕಡತ ಹುಟ್ಟುವುದೇ ಇಲ್ಲ. ಕಾಡನ್ನು ಪ್ರೀತಿಸುವ ನಮ್ಮಂಥವರಿಗೂ ಇದರಲ್ಲಿ ಒಂದು ಪಾಠವಿದೆ. ಡೋಲಿ ಹೊರುವವನ ಭುಜದ ನೋವನ್ನು ಮರೆತು ನಾವು ಮರ ಉಳಿಸಿರೆಂದರೆ ಆ ಮಾತಿಗೆ ಬೆಲೆ ಬರುವುದಿಲ್ಲ. ಎಷ್ಟು ಅಗಲದ ದಾರಿ, ಯಾವ ಹಳೆಯ ಕಾಲುದಾರಿಯ ಮೇಲೆ, ಎಷ್ಟು ಮರ ಹೋಗುತ್ತದೆ ಎಂಬುದನ್ನು ಆ ಊರಿನವರೇ ಕುಳಿತು ಬರೆದರೆ ಕಾಡಿಗೂ ಊರಿಗೂ ಒಳಿತಾಗುತ್ತದೆ.

ಹುಲಿಯ ಮಾತು ಬಾರದೆ ಹೋಗಲಿಲ್ಲ. 2025ರ ಜೂನ್ ತಿಂಗಳಿನಲ್ಲಿ ಇದೇ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದು ನಮ್ಮೆಲ್ಲರಿಗೂ ತಲೆತಗ್ಗಿಸುವ ಸಂಗತಿ. ಮಾದಪ್ಪ ಹುಲಿಯೇರಿ ಬಂದ ನಾಡು ಇದು. ಹಸು ಸತ್ತ ಮನೆಯ ದುಃಖವೂ ನಿಜ, ಹುಲಿ ಸತ್ತ ಕಾಡಿನ ನಷ್ಟವೂ ನಿಜ. ಈ ಎರಡರ ನಡುವೆ ಇರುವುದು ಒಂದು ಪರಿಹಾರದ ಅರ್ಜಿ, ಪಶುವೈದ್ಯರ ಒಂದು ದೃಢೀಕರಣ, ಕಚೇರಿಯ ಒಂದು ಮೊಹರು. ಆ ಅರ್ಜಿ ಸಕಾಲದಲ್ಲಿ ಸಾಗುತ್ತದೆಂಬ ನಂಬಿಕೆ ಜನರಲ್ಲಿ ಉಳಿಯಬೇಕು. ಎಷ್ಟು ಅರ್ಜಿಗಳು ಬಾಕಿಯಿವೆ ಎಂಬ ಪ್ರಶ್ನೆಯನ್ನು ಪ್ರತಿ ಗ್ರಾಮಸಭೆಯಲ್ಲಿಯೂ ಅರಣ್ಯ ಇಲಾಖೆಯ ಪ್ರತಿನಿಧಿಯನ್ನು ಕರೆಸಿ ಕೇಳಬೇಕು; ಉತ್ತರವನ್ನು ಬರೆಸಬೇಕು. ಇದೂ ಹುಲಿ ಸಂರಕ್ಷಣೆಯೇ.

ಕೊನೆಯದಾಗಿ, ವಿದ್ಯಾರ್ಥಿಗಳು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯ ಸೂಚನಾಫಲಕದಲ್ಲಿ ನೋಡಿಕೊಂಡು, ಮನೆಮನೆಗೆ ಹೇಳಿರಿ. ಮುಖ್ಯವಾಗಿ ಪೋಡಿಗೆ ಹೋಗಿ ಹೇಳಿರಿ. ಕೂಲಿಗೆ ಹೋಗುವವರು ಬರಲಾಗದ ಹೊತ್ತಿನಲ್ಲಿ ಸಭೆಯಿಟ್ಟರೆ ಹೊತ್ತನ್ನು ಬದಲಿಸಿರೆಂದು ಕೇಳಿರಿ.

ಬೇಡಿಕೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿರಿ. ಏನು, ಎಲ್ಲಿ, ಯಾರು, ಯಾವಾಗ ಎಂಬ ನಾಲ್ಕು ಮಾತುಗಳು ಕಾಗದದಲ್ಲಿರಲಿ. ಅರ್ಜಿ ಕೊಟ್ಟರೆ ದಿನಾಂಕ, ಮೊಹರು ಇರುವ ಸ್ವೀಕೃತಿಯನ್ನು ಪಡೆಯಿರಿ. ನಡಾವಳಿ ಓದದೆ ಯಾರೂ ರುಜು ಹಾಕಬಾರದು. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಲೇಬಾರದು.

ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಅಂದು ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಇಡಬೇಕು. ಗಣಿತ ಓದಿದವರು ಅಂದು ಹೋಗಿ ಕುಳಿತುಕೊಳ್ಳಿರಿ. ಕೇಳಿದ ದಾಖಲೆ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ; ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ನಿಮ್ಮ ಪಂಚಾಯಿತಿಯ ದಾಖಲೆಯನ್ನು ತೆರೆದು ನೋಡಿರಿ. ಅದರಲ್ಲಿ ನಿಮ್ಮೂರಿನ ಹಳ್ಳದ ಹೆಸರಿದೆಯೆ? ಅಜ್ಜಿ ಹೇಳುವ ಸೊಪ್ಪುಗಳ, ನೀವು ಬಿತ್ತುವ ರಾಗಿಯ ತಳಿಗಳ ಹೆಸರಿದೆಯೆ? ಇಲ್ಲವಾದರೆ ಬರೆದು ಕೊಡಿರಿ. ಕಾಡನ್ನು ಲಂಟಾನ ಎಷ್ಟು ನುಂಗಿದೆ ಎಂಬುದನ್ನೂ ಸೇರಿಸಿರಿ.

ಇವು ಸಣ್ಣ ಕೆಲಸಗಳು. ಇವುಗಳಿಗೆ ಹಾರ ಬೀಳುವುದಿಲ್ಲ, ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ. ಆದರೆ ಆ ಊರಿನ ಕೆರೆಗೆ ಇಂದು ನೀರು ಹರಿಯುವುದು ಆ ಹುಡುಗಿ ಬರೆಸಿದ ನಾಲ್ಕು ಸಾಲುಗಳ ಬಲದಿಂದ. ಮುಂದಿನ ಗ್ರಾಮಸಭೆಗೆ ನಿಮ್ಮಲ್ಲಿ ಒಬ್ಬೊಬ್ಬರೂ ನಾಲ್ಕು ಸಾಲು ಬರೆದುಕೊಂಡು ಹೋಗಿರಿ ಎಂದು ಕೇಳಿಕೊಳ್ಳುತ್ತೇನೆ.