ಎರಡಕ್ಷರದ ತಪ್ಪು, ಒಬ್ಬ ಡಾಕ್ಟರನ ನೌಕರಿ
(ಸಂಘದ ವಾರ್ಷಿಕ ಸಭೆಯಲ್ಲಿ ಶಿರಾಲಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಮ ದಯಾಮಯನಾದ ಅಲ್ಲಾಹನ ನಾಮದಿಂದ ಆರಂಭಿಸುತ್ತೇನೆ. "ಡಾಕ್ಟರಾದ ಮೇಲೆ ಮುಂದೇನು?" ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಡಾಕ್ಟರನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಾಲಾ ಶಿಕ್ಷಕ. ಆದರೂ ಈ ವಿಷಯವನ್ನು ನಾನು ಕಷ್ಟಪಟ್ಟು ತಿಳಿದುಕೊಳ್ಳಬೇಕಾಯಿತು. ಯಾಕೆಂದರೆ ನಮ್ಮ ಊರಿನ ಒಬ್ಬ ಡಾಕ್ಟರನ ನೌಕರಿ ಹೋದದ್ದರಲ್ಲಿ ನನ್ನ ಕೈಬರಹದ ಪಾಲೂ ಇದೆ. ಅದನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮಾತು ಶುರುಮಾಡುವುದೇ ಸರಿ.

2011ನೇ ಇಸವಿ. ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ಮೊದಲ ವರ್ಷ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ಮಕ್ಕಳ ನಾಮಿನಲ್ ರೋಲ್ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಹುಡುಗನ ಹೆಸರು ಉದ್ದ. ಇಂಗ್ಲಿಷಿನಲ್ಲಿ ಬರೆಯುವಾಗ "ಮುಹಮ್ಮದ್" ಎಂಬುದನ್ನು "ಎಂಡಿ" ಎಂದು ಎರಡೇ ಅಕ್ಷರಕ್ಕೆ ಇಳಿಸಿದೆ. ಎಲ್ಲರೂ ಹಾಗೇ ಬರೆಯುತ್ತಿದ್ದರು, ನಾನೂ ಬರೆದೆ. ಅವನ ತಂದೆ ಸಹಿ ಹಾಕಿ ಹೋದರು. ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಹುಡುಗ ಜಾಣ. ಪಿ.ಯು.ಸಿ. ಆಯಿತು, ಇಲ್ಲಿ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ಶಕ್ತಿ ಮನೆಗಿರಲಿಲ್ಲ. 2013ರಲ್ಲಿ ಅಂಕಪಟ್ಟಿಯಲ್ಲಿದ್ದ ಹೆಸರಿನಲ್ಲಿಯೇ ಪಾಸ್‌ಪೋರ್ಟ್ ಮಾಡಿಸಿ ಕಿರ್ಗಿಸ್ತಾನಕ್ಕೆ ಹೋದ. ತಾಯಿಯ ಬಂಗಾರ ಅಡವಿಗೆ ಹೋಯಿತು. ಆರು ವರ್ಷ ಓದಿ ಬಂದ. ಎರಡನೇ ಪ್ರಯತ್ನದಲ್ಲಿ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗಿ, ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ. ಇಲ್ಲಿ ಎರಡು ವರ್ಷ ಕೆಲಸ ಮಾಡಿ 2022ರ ಕೊನೆಗೆ ಗಲ್ಫಿಗೆ ಹೋದ. ಬಂಗಾರ ಬಿಡಿಸಿ ತಂದ ದಿನ ತಾಯಿ ಶಾಲೆಗೆ ಬಂದು ನಮಗೆಲ್ಲ ಸಿಹಿ ಹಂಚಿ ಹೋದರು.

2023ರಲ್ಲಿ ಪಾಸ್‌ಪೋರ್ಟಿನ ಹತ್ತು ವರ್ಷ ಮುಗಿಯಿತು. ನವೀಕರಿಸುವಾಗ ಆಧಾರ್‌ನಲ್ಲಿದ್ದಂತೆ "ಮುಹಮ್ಮದ್" ಎಂದು ಪೂರ್ಣವಾಗಿ ಬರೆಸಿದ. ತಪ್ಪೇನಲ್ಲ, ಅದೇ ಅವನ ನಿಜವಾದ ಹೆಸರು. 2024ರಲ್ಲಿ ಇನ್ನೊಂದು ಆಸ್ಪತ್ರೆ ಒಳ್ಳೆಯ ಸಂಬಳಕ್ಕೆ ಕರೆಯಿತು. ಅದು ಬೇರೆ ಆಡಳಿತದ ವ್ಯಾಪ್ತಿ. ಆಫರ್ ಪತ್ರ ಕೈಗೆ ಬಂತೆಂದು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟ. ಹಳೆಯವರು ನಿಯಮದಂತೆ ಪರವಾನಗಿಯನ್ನೂ ವೀಸಾವನ್ನೂ ರದ್ದು ಮಾಡಿದರು. ಹೊಸ ಕಡೆ ದಾಖಲೆ ಪರಿಶೀಲನೆ ನಿಂತಿತು. ಪದವಿ ಪತ್ರ ಮತ್ತು ಪರಿಷತ್ತಿನ ನೋಂದಣಿ ಒಬ್ಬನ ಹೆಸರಿನಲ್ಲಿದೆ, ಪಾಸ್‌ಪೋರ್ಟ್ ಇನ್ನೊಬ್ಬನ ಹೆಸರಿನಲ್ಲಿದೆ, ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರು. ಒಂದು ರಾತ್ರಿ ನನಗೆ ಫೋನು ಬಂತು. "ಸರ್, ನನ್ನ ಹೆಸರನ್ನು ಎಂಡಿ ಎಂದು ಬರೆದದ್ದು ಯಾರು ಅಂತ ನೆನಪಿದೆಯಾ?" ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಈಗ ನಿಯಮಗಳ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಕು.

ವಿದೇಶದಲ್ಲಿ ವೈದ್ಯಕೀಯ ಓದಿದವರು ಭಾರತದಲ್ಲಿ ವೃತ್ತಿ ಮಾಡಬೇಕಾದರೆ 2002ರಿಂದ ಒಂದು ಸ್ಕ್ರೀನಿಂಗ್ ಪರೀಕ್ಷೆ ಇದೆ. ಎಫ್.ಎಂ.ಜಿ.ಇ. ಎಂದು ಕರೆಯುತ್ತಾರೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. 300 ಅಂಕಗಳಲ್ಲಿ 150 ಬರಬೇಕು. ಎಷ್ಟೋ ಸಲ ಕುಳಿತ ಐವರಲ್ಲಿ ಒಬ್ಬರಷ್ಟೇ ಪಾಸಾಗಿದ್ದಾರೆ. ಹೋಗುವ ಮೊದಲೇ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕೆಂಬ ನಿಯಮ 2018ರಲ್ಲಿ ಬಂತು. ಹಳೆಯ ಭಾರತೀಯ ವೈದ್ಯಕೀಯ ಮಂಡಳಿಯ ಜಾಗದಲ್ಲಿ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆ ಆಯೋಗ 2021ರ ನವೆಂಬರಿನಲ್ಲಿ ನಿಯಮಗಳನ್ನು ಇನ್ನೂ ಬಿಗಿಮಾಡಿತು. ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಒಂದೇ ಸಂಸ್ಥೆಯಲ್ಲಿ ಪೂರ್ಣವಾಗಬೇಕು. ಅಲ್ಲಿಯೇ 12 ತಿಂಗಳು, ಭಾರತದಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಓದಿದ ದೇಶದಲ್ಲಿಯೇ ವೃತ್ತಿ ಮಾಡಲು ಆ ಪದವಿ ಅರ್ಹವಾಗಿರಬೇಕು. ಏಜೆಂಟರು ಬಣ್ಣದ ಪುಸ್ತಿಕೆ ತೋರಿಸುವಾಗ ಈ ಐದು ಪ್ರಶ್ನೆ ಕೇಳಿ. ಉತ್ತರ ಬರೆಹದಲ್ಲಿ ಬರದಿದ್ದರೆ ಹಣ ಕಟ್ಟಬೇಡಿ.

2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದದ್ದು ನಿಮಗೆ ನೆನಪಿದೆ. ಅವನೂ ವೈದ್ಯಕೀಯ ಓದಲು ಹೋದವನೇ. ನಮ್ಮ ಮಕ್ಕಳು ಮೋಜಿಗಾಗಿ ಅಷ್ಟು ದೂರ ಹೋಗುವುದಿಲ್ಲ, ಇಲ್ಲಿ ಬಾಗಿಲು ಕಿರಿದಾಗಿರುವುದರಿಂದ ಹೋಗುತ್ತಾರೆ.

ಪದವಿ, ನೋಂದಣಿ ಎರಡೂ ಆದವು, ಮುಂದೆ ನೌಕರಿ. ಇಲ್ಲಿ ನಮ್ಮವರು ಒಂದು ವಿಷಯದಲ್ಲಿ ಎಡವುತ್ತಾರೆ. ಅಂಗಡಿ, ಕಂಪನಿಯ ಕೆಲಸದಲ್ಲಿರುವವರಿಗೆ ಒಂದೇ ಹಗ್ಗ, ಅದು ವೀಸಾ. ಡಾಕ್ಟರರಿಗೆ ಎರಡು. ಒಂದು ವೀಸಾ, ಇನ್ನೊಂದು ವೃತ್ತಿಯ ಪರವಾನಗಿ. ವೀಸಾ ಕೆಲಸ ಕೊಟ್ಟವರ ಹೆಸರಿಗೆ ಕಟ್ಟಿದೆ. ಪರವಾನಗಿ ಆರೋಗ್ಯ ಇಲಾಖೆಯದು, ಅದೂ ಗಲ್ಫಿನ ಹೆಚ್ಚಿನ ಕಡೆ ನೀವು ಕೆಲಸ ಮಾಡುವ ಆಸ್ಪತ್ರೆಗೆ ಜೋಡಿಸಿಯೇ ಇರುತ್ತದೆ. ಕೆಲಸ ಬದಲಿಸುವುದೆಂದರೆ ಎರಡನ್ನೂ ಒಟ್ಟಿಗೆ ದಾಟಿಸುವುದು. ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುತ್ತಾರೆ ಹಿರಿಯರು. ಈ ಒಂದು ಕೆಲಸದಲ್ಲಿ ಮಾತ್ರ ಹೊಸ ದೋಣಿಯಲ್ಲಿ ಕಾಲು ಗಟ್ಟಿಯಾಗುವವರೆಗೆ ಹಳೆಯದರಿಂದ ಕಾಲು ಎತ್ತಬಾರದು.

ಯು.ಎ.ಇ. ಒಂದೇ ದೇಶ, ಆದರೆ ಪರವಾನಗಿ ಒಂದೇ ಕಡೆಯಿಂದ ಅಲ್ಲ. ದುಬೈಗೆ ದುಬೈ ಆರೋಗ್ಯ ಪ್ರಾಧಿಕಾರ, ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆ, ಅಜ್ಮಾನ್, ಫುಜೈರಾ ಮುಂತಾದ ಕಡೆ ಕೇಂದ್ರದ ಆರೋಗ್ಯ ಸಚಿವಾಲಯ. ಸೌದಿಯಲ್ಲಿ ಆರೋಗ್ಯ ತಜ್ಞತೆಗಳ ಸೌದಿ ಆಯೋಗವಿದೆ. ಗಡಿ ದಾಟದೆ ಬರೀ ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ನೀವು ಬೇರೆ ಪರವಾನಗಿಯ ನೆಲಕ್ಕೆ ಕಾಲಿಟ್ಟಿರುತ್ತೀರಿ. ಪರವಾನಗಿಗೆ ಮೊದಲು ನಿಮ್ಮ ಪದವಿ, ನೋಂದಣಿ, ಅನುಭವ ಪತ್ರಗಳನ್ನು ಮೂಲದಲ್ಲಿಯೇ ವಿಚಾರಿಸುತ್ತಾರೆ. ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ವಿಶ್ವವಿದ್ಯಾಲಯಕ್ಕೆ, ಪರಿಷತ್ತಿಗೆ, ಹಿಂದಿನ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತದೆ. ಆದ್ದರಿಂದ ಸುಳ್ಳು ಅನುಭವ ಪತ್ರವನ್ನು ಯಾರಾದರೂ "ಮಾಡಿಸಿಕೊಡುತ್ತೇನೆ" ಎಂದರೆ ದೂರವಿರಿ. ಒಮ್ಮೆ ಸುಳ್ಳೆಂದು ದಾಖಲಾದರೆ ಆ ಕಲೆ ದೇಶದಿಂದ ದೇಶಕ್ಕೆ ಹಿಂಬಾಲಿಸುತ್ತದೆ. ರೋಗಿಯ ಜೀವ ನಮ್ಮ ಕೈಯಲ್ಲಿರುವ ಅಮಾನತ್ತು, ಅದರ ಕಾಗದವೂ ಅಮಾನತ್ತೇ.

ಕಾನೂನು ಮೊದಲಿನಷ್ಟು ಕಠಿಣವಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಕಫೀಲ್ ಎನ್.ಒ.ಸಿ. ಕೊಡದೆ ಕೆಲಸ ಬದಲಿಸಲಾಗದ ಕಾಲವಿತ್ತು. ಕತಾರ್ 2020ರಲ್ಲಿ ಆ ಷರತ್ತನ್ನು ತೆಗೆಯಿತು. ಸೌದಿಯಲ್ಲಿ 2021ರ ಮಾರ್ಚಿನಿಂದ ಕೆಲವು ಷರತ್ತುಗಳ ಮೇಲೆ ಮಾಲೀಕರ ಒಪ್ಪಿಗೆಯಿಲ್ಲದೆಯೂ ಬದಲಿಸಬಹುದು. ಯು.ಎ.ಇ.ಯ ಹೊಸ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಗೆ ಬಂತು, ಅದರಲ್ಲಿ ನೋಟೀಸಿನ ಅವಧಿ 30ರಿಂದ 90 ದಿನ. ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಡಾಕ್ಟರರ ಸ್ವಂತದ್ದು, ಆಸ್ಪತ್ರೆ ಬದಲಿಸಿದರೂ ಉಳಿಯುತ್ತದೆ. ಆದರೆ ವೀಸಾ ಕೆಲಸ ಕೊಟ್ಟವರ ಪ್ರಾಯೋಜಕತ್ವದ ಮೇಲಿದೆ. ಹೊಸ ಆಸ್ಪತ್ರೆ ಹೊಸ ಪ್ರಾಯೋಜಕತ್ವದ ಪ್ರಮಾಣಪತ್ರ ಕೊಟ್ಟು, ಹೊಸ ಅರ್ಜಿ ಮಂಜೂರಾಗಬೇಕು. ಬಾಗಿಲು ಬೇರೆ ಬೇರೆ, ಆದರೆ ಎರಡು ಕೀಲಿ ಎಲ್ಲ ಕಡೆಯೂ ಬೇಕು.

ಇನ್ನು ಕೆಲಸ ಬದಲಿಸುವ ಕ್ರಮ. ಮೊದಲನೆಯದಾಗಿ, ಆಫರ್ ಪತ್ರವೆಂದರೆ ನೌಕರಿಯಲ್ಲ. ಹೊಸ ಕಡೆಯ ಪರಿಶೀಲನೆ ಮುಗಿದು, ಪರವಾನಗಿಗೆ ಅರ್ಹರು ಎಂಬ ಪತ್ರ ಬಂದ ಮೇಲೆಯೇ ರಾಜೀನಾಮೆ. ಎರಡನೆಯದಾಗಿ, ಹೊರಡುವ ಮೊದಲು ಅಲ್ಲಿನ ಇಲಾಖೆಯಿಂದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ, ಆಸ್ಪತ್ರೆಯಿಂದ ಅನುಭವ ಪತ್ರ ಪಡೆಯಿರಿ. ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಅದರಲ್ಲಿ ಸ್ಪಷ್ಟವಾಗಿರಲಿ. ಮೂರನೆಯದಾಗಿ, ಬೆಂಗಳೂರಿನ ಪರಿಷತ್ತಿನ ನೋಂದಣಿಯನ್ನು ಅವಧಿ ಮೀರಲು ಬಿಡಬೇಡಿ. ಊರಿಗೆ ಮರಳುವ ದಾರಿ ಅದೊಂದೇ. ನಾಲ್ಕನೆಯದಾಗಿ, ದಾಖಲೆಗಳ ದೃಢೀಕರಣ. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದೆ, ಸೌದಿ 2022ರಲ್ಲಿ ಸೇರಿತು. ಒಪ್ಪಂದದಲ್ಲಿರುವ ದೇಶಗಳಿಗೆ ಆ ಒಂದು ಮುದ್ರೆ ಸಾಕು. ಇಲ್ಲದ ದೇಶಗಳಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಐದನೆಯದಾಗಿ, ವೀಸಾ ರದ್ದಾದ ಮೇಲೆ ಎಷ್ಟು ದಿನ ಉಳಿಯಬಹುದೆಂದು ರಾಜೀನಾಮೆಗೆ ಮೊದಲೇ ಬರೆಹದಲ್ಲಿ ಕೇಳಿ ತಿಳಿಯಿರಿ. ಗೆಳೆಯನ ಮಾತಿನ ಮೇಲೆ ಹೋಗಬೇಡಿ, ಅವನ ವೀಸಾದ ವರ್ಗ ಬೇರೆ ಇರಬಹುದು.

ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದರ ಕುರಿತು ಎಂದು ಮಕ್ಕಳನ್ನು ನಾನು ಕೇಳುವುದುಂಟು. ಸೂರಃ ಅಲ್‌ಬಕರಃದ 282ನೆಯ ಆಯತ್. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾದದ್ದು, ಬರೆಯುವವನು ನ್ಯಾಯವಾಗಿ ಬರೆಯಬೇಕೆಂಬುದರ ಕುರಿತಾದದ್ದು. ಅದನ್ನು ಎಷ್ಟೋ ಸಲ ಓದಿದ್ದೇನೆ. ಆ ಬರೆಯುವವನು ನಾನೂ ಹೌದೆಂದು ಆ ರಾತ್ರಿಯ ಫೋನಿನವರೆಗೆ ನನಗೆ ಹೊಳೆದಿರಲಿಲ್ಲ.

ಆದ್ದರಿಂದ ಪಾಲಕರಲ್ಲಿ ನನ್ನ ಬೇಡಿಕೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ, ಈ ಮೂರರಲ್ಲೂ ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೇ ಆಗಿರಲಿ. ಮುಹಮ್ಮದ್ ಎಂಬ ಪವಿತ್ರ ನಾಮವನ್ನೇ ನಾವು ಹತ್ತಾರು ರೀತಿ ಬರೆಯುತ್ತೇವೆ. ಒಂದನ್ನು ಆರಿಸಿ, ಪೂರ್ಣವಾಗಿ ಬರೆಸಿ, ಬಿಡಬೇಡಿ. ಎಸ್.ಎಸ್.ಎಲ್.ಸಿ. ನೋಂದಣಿ ಅಂತಿಮವಾಗುವ ಮುನ್ನ ತಿದ್ದುವುದು ಸುಲಭ, ಆಮೇಲೆ ಮಂಡಳಿಯವರೆಗೆ ಓಡಾಡಬೇಕು. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವ ಮೊದಲು ಎರಡು ಸಲ ಯೋಚಿಸಿ. ತಂದೆಯ ಹೆಸರು ಬಿಟ್ಟು ಗಂಡನ ಹೆಸರು ಸೇರಿಸಬೇಕೆಂದು ನಮ್ಮ ದೀನ್ ಹೇಳುವುದಿಲ್ಲ. ಪದವಿ ಪತ್ರದಲ್ಲಿರುವ ಹೆಸರೇ ಕೊನೆಯವರೆಗೆ ಕಾಯುತ್ತದೆ.

ಆ ಹುಡುಗನ ಕಥೆ ಮುಗಿಸುತ್ತೇನೆ. ಅಫಿಡವಿಟ್, ಪತ್ರಿಕಾ ಪ್ರಕಟಣೆ, ಪರಿಷತ್ತಿಗೆ ಅರ್ಜಿ, ಕಿರ್ಗಿಸ್ತಾನದ ವಿಶ್ವವಿದ್ಯಾಲಯಕ್ಕೆ ಪತ್ರ, ಹೀಗೆ ತಿಂಗಳುಗಳು ಹೋದವು. ಹೊಸ ಆಸ್ಪತ್ರೆ ಕಾಯಲಿಲ್ಲ. ಅವನು ಊರಿಗೆ ಬಂದ. ಶಾಲೆಯ ಹಳೆಯ ರಿಜಿಸ್ಟರು ತೆಗೆದು, ಪ್ರಮಾಣಪತ್ರಕ್ಕೆ ಬೇಕಾದ ನಕಲನ್ನು ನಾನೇ ಬರೆದುಕೊಟ್ಟೆ. ಆಗಲೇ ಅವನಿಗೆ ಹೇಳಿದೆ, ಬರೆದವನು ನಾನು ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವು ಕಲಿಸಿದ ಅಕ್ಷರದಿಂದಲೇ ಡಾಕ್ಟರಾದೆ ಸರ್, ಎರಡು ಅಕ್ಷರ ಬಿಟ್ಟುಬಿಡಿ" ಎಂದ. ಆ ಕ್ಷಮೆಗೆ ನಾನು ಅರ್ಹನೋ ಅಲ್ಲವೋ ಅಲ್ಲಾಹನಿಗೇ ಗೊತ್ತು. ಏಳು ತಿಂಗಳ ಬಳಿಕ ಮೊದಲಿನದಕ್ಕಿಂತ ಕಡಿಮೆ ಸಂಬಳದ ಇನ್ನೊಂದು ಕೆಲಸ ಸಿಕ್ಕಿ ಹೋದ.

ಆದರೆ ಆ ಏಳು ತಿಂಗಳು ಅವನು ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಕುಳಿತ. ಮೀನುಗಾರರು, ಗದ್ದೆ ಕೆಲಸದವರು, ಎಲ್ಲ ಜಾತಿ ಧರ್ಮದವರು ಬಂದರು. ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ಗೊತ್ತು. ದೊಡ್ಡ ಕಾಯಿಲೆ ಎಂದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡರು. ಆಸ್ಪತ್ರೆ ಬೇಕೆಂದು ಜಿಲ್ಲೆಯೆಲ್ಲ ಕೂಗಿತು. ಕಟ್ಟಡ ಬಂದರೂ ಒಳಗೆ ಡಾಕ್ಟರರು ಬೇಕಲ್ಲವೇ?

1919ರಲ್ಲಿ ಭಟ್ಕಳದ ಹಿರಿಯರು ಅಂಜುಮನ್ ಕಟ್ಟುವಾಗ ಈ ಕರಾವಳಿಯಲ್ಲಿ ನಮ್ಮ ಮಕ್ಕಳಿಗೆ ಆಧುನಿಕ ಶಾಲೆಯೇ ದೊಡ್ಡ ಕನಸಾಗಿತ್ತು. ಇಂದು ನಮ್ಮ ಮಕ್ಕಳು ಏಳು ಸಮುದ್ರ ದಾಟಿ ಡಾಕ್ಟರಾಗುತ್ತಿದ್ದಾರೆ. ನಮ್ಮ ಸಂಘ ವಿದ್ಯಾರ್ಥಿವೇತನ ಕೊಡುತ್ತಿರುವುದು ಪುಣ್ಯದ ಕೆಲಸ. ಅದರ ಜೊತೆಗೆ ವರ್ಷಕ್ಕೆ ಒಂದು ದಿನ ದಾಖಲೆ ಪರಿಶೀಲನೆಯ ಶಿಬಿರ ಇಡೋಣ. ಎಂಟನೇ ತರಗತಿಯಿಂದಲೇ ಮಕ್ಕಳ ಹೆಸರು, ಜನ್ಮದಿನಾಂಕ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ಎಂದು ನೋಡೋಣ. ಖರ್ಚು ಏನೂ ಇಲ್ಲ. ಮೊದಲ ಶಿಬಿರದಲ್ಲಿ ಪೆನ್ನು ಹಿಡಿದು ಕೂರಲು ನಾನು ಸಿದ್ಧನಿದ್ದೇನೆ. ನನ್ನ ತಲೆಯ ಮೇಲೆ ಆ ಋಣವಿದೆ.

ಅಲ್ಲಾಹನು ನಮ್ಮ ಮಕ್ಕಳ ಶ್ರಮವನ್ನು ಸ್ವೀಕರಿಸಲಿ, ಹೋದವರನ್ನು ಸುರಕ್ಷಿತವಾಗಿ ಇಡಲಿ, ಮರಳಿ ಬರುವ ಮನಸ್ಸಿರುವವರಿಗೆ ದಾರಿ ತೆರೆಯಲಿ. ಆಮೀನ್.  ವ ಆಖಿರು ದಅ್‌ವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.